ಹಿತ್ತಲಿಗೆ ಬ್ಲ್ಯಾಕ್‌ಬೆರಿ ಬೇಡ, ಹಿಪ್ಪುನೇರಳೆ ಇರಲಿ



ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಡೇರಿ ಸಭೆಗಳಲ್ಲಿ ಈಗ ಕೆಚ್ಚಲು ಬಾವು, ಗಬ್ಬ ನಿಲ್ಲದಿರುವುದು, ಕೊಬ್ಬಿನಂಶ ಇವುಗಳ ಜೊತೆಗೆ ಒಂದು ಹೊಸ ಪ್ರಶ್ನೆಯೂ ಬರುತ್ತಿದೆ. ಮೊಬೈಲಿನಲ್ಲಿ ಕಪ್ಪು ಗೊಂಚಲು ಹಣ್ಣಿನ ಚಿತ್ರ ತೋರಿಸಿ, "ಡಾಕ್ಟ್ರೇ, ಈ ಬ್ಲ್ಯಾಕ್‌ಬೆರಿ ನಮ್ಮ ಹಿತ್ತಲಲ್ಲಿ ಬರುತ್ತಾ? ಬೇಲಿಗೂ ಆಯ್ತು, ಮಕ್ಕಳಿಗೆ ಹಣ್ಣೂ ಆಯ್ತು" ಎಂದು ಕೇಳುತ್ತಾರೆ. ಪಶುವೈದ್ಯರನ್ನು ಹಣ್ಣಿನ ಗಿಡದ ಬಗ್ಗೆ ಏಕೆ ಕೇಳುತ್ತೀರಿ ಎಂದು ನಾನು ಅನ್ನುವುದಿಲ್ಲ. ಹಿತ್ತಲಿನಲ್ಲಿ ಏನು ಬೆಳೆಯುತ್ತೀರೋ ಅದಕ್ಕೆ ಮೊದಲು ಬಾಯಿ ಹಾಕುವುದು ನಿಮ್ಮ ಹಸು, ಕರು, ಮೇಕೆಗಳೇ. ಹಾಗಾಗಿ ಈ ಪ್ರಶ್ನೆ ನನಗೂ ಸೇರಿದ್ದು.

ಬ್ಲ್ಯಾಕ್‌ಬೆರಿ ಶೀತ ದೇಶಗಳ ಮುಳ್ಳುಗಿಡ. ಅದರ ಬಹುತೇಕ ತಳಿಗಳು ಹೂ ಬಿಡಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ನೂರಾರು ಗಂಟೆ ಕಳೆಯಬೇಕು. ನಮ್ಮ ಪುಷ್ಯ ಮಾಸದ ಚಳಿ ನಮಗೆ ಹೆಚ್ಚೆನಿಸಿದರೂ ಆ ಗಿಡಕ್ಕೆ ಏನೇನೂ ಸಾಲದು. ಆನ್‌ಲೈನಿನಲ್ಲಿ ನೂರಾರು ರೂಪಾಯಿ ಕೊಟ್ಟು ತರಿಸಿದ ಸಸಿ ಅರಸೀಕೆರೆಯ ಬಿಸಿಲಿಗೆ ಎಲೆ ಬಿಟ್ಟರೂ ಹಣ್ಣು ಬಿಡುವ ಭರವಸೆ ಇಲ್ಲ.

ಇದರ ಹತ್ತಿರದ ನೆಂಟ ಒಬ್ಬ ನಮ್ಮ ಘಟ್ಟದಲ್ಲೇ ಇದ್ದಾನೆ. ಎತ್ತರದ ತಂಪು ಬೆಟ್ಟಗಳಲ್ಲಿ ಬೆಳೆಯುವ, ಮೊದಲು ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣಿನ ಮುಳ್ಳುಪೊದೆ ಅದು. ಹೊರದೇಶದವರು ಅದನ್ನು ಮೈಸೂರ್ ರಾಸ್ಪ್‌ಬೆರಿ ಎಂದೇ ಕರೆಯುತ್ತಾರೆ. ಅದಕ್ಕೆ ಅಷ್ಟು ಚಳಿ ಬೇಕಿಲ್ಲ. ಬೇಲೂರಿನ ಪಶ್ಚಿಮದ ಕಾಫಿ ಸೀಮೆಯವರು ಅದನ್ನೇ ತಂದು ನೆಡೋಣ ಎಂದುಕೊಳ್ಳಬಹುದು. ನೆಡುವ ಮೊದಲು ಗಲಪಗೋಸ್ ದ್ವೀಪಗಳ ಕಥೆ ತಿಳಿದಿರಲಿ. ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಆ ದ್ವೀಪಗಳಿಗೆ ಹಣ್ಣಿನಾಸೆಗೆ ಒಯ್ದ ಈ ಗಿಡ ಇಂದು ಆಳೆತ್ತರದ ಮುಳ್ಳಿನ ಕೋಟೆಯಾಗಿ ಅಲ್ಲಿನ ಕಾಡನ್ನೂ ದನ ಮೇಯುವ ಹುಲ್ಲುಗಾವಲನ್ನೂ ನುಂಗಿದೆ. ಹಕ್ಕಿ ಹಣ್ಣು ತಿಂದು ಎಲ್ಲೆಂದರಲ್ಲಿ ಬೀಜ ಹಾಕುತ್ತದೆ, ಅಲ್ಲೆಲ್ಲ ಪೊದೆ ಏಳುತ್ತದೆ. ಗೋಮಾಳಗಳು ಮೊದಲೇ ಕಿರಿದಾಗಿರುವ ನಮ್ಮ ಕಡೆ ಇಂಥದ್ದೊಂದನ್ನು ಕೈಯಾರೆ ನೆಡಬೇಡಿ.

ಈ ಪಾಠ ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಬೇಲಿಯಲ್ಲೇ ಒಂದು ಕಪ್ಪು ಹಣ್ಣಿನ ಗಿಡ ಈಗಾಗಲೇ ಇದೆ.

ಬೇಲಿಯಲ್ಲಿರುವ ಶತ್ರು

ಲಂಟಾನದ ಮಾತು ಹೇಳುತ್ತಿದ್ದೇನೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಅಂದದ ಹೂವಿನ ಗಿಡವೆಂದು ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದದ್ದು ಇದು. ಇಂದು ಹಳೇಬೀಡಿನಿಂದ ಅರಸೀಕೆರೆವರೆಗೆ ರಸ್ತೆ ಪಕ್ಕ, ಗುಡ್ಡದ ಬುಡ, ತೋಟದ ಬೇಲಿ, ಎಲ್ಲೆಲ್ಲೂ ಇದೆ. ಮೇವು ಸಾಕಷ್ಟಿದ್ದಾಗ ಹಸು ಇದನ್ನು ಮೂಸಿ ನೋಡುವುದೂ ಇಲ್ಲ. ಶಿವರಾತ್ರಿ ಕಳೆದು ಯುಗಾದಿ ಹೊತ್ತಿಗೆ ಸುತ್ತ ಎಲ್ಲ ಒಣಗಿ ಇದೊಂದೇ ಹಸಿರಾಗಿ ನಿಂತಾಗ, ಹೊರಗಿನಿಂದ ಹೊಸದಾಗಿ ಕೊಂಡು ತಂದ, ಈ ಗಿಡದ ಪರಿಚಯವಿಲ್ಲದ ಹಸುವೋ ಹಸಿದ ಪಡ್ಡೆಯೋ ಬಾಯಿ ಹಾಕುತ್ತದೆ.

ಅರಸೀಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ನೋಡಿದ ಪ್ರಕರಣ ಇದು. ಮನೆಯ ಯಜಮಾನಿಯೇ ಡೇರಿಗೆ ಹಾಲು ಹಾಕುವವರು. ಎರಡು ಸೀಮೆಹಸು, ಅದರಲ್ಲಿ ಒಂದು ಮಾತ್ರ ಹಾಲಿನಲ್ಲಿತ್ತು. ರಾಗಿ ಹುಲ್ಲಿನ ಬಣವೆ ಮುಗಿಯುತ್ತ ಬಂದಿತ್ತು ಎಂದು ಹಗಲು ಹೊತ್ತು ತೆಂಗಿನ ತೋಟದ ಬೇಲಿಯಂಚಿಗೆ ಕಟ್ಟಿದ್ದರು. ಮೂರನೆಯ ದಿನಕ್ಕೆ ಮೇವು ಬಿಟ್ಟಿತು, ಸಗಣಿ ಗಟ್ಟಿಯಾಗಿ ಮಣಿಮಣಿಯಾಯಿತು. ಆಮೇಲೆ ಮೈಮೇಲಿನ ಬಿಳಿ ಮಚ್ಚೆಗಳ ಚರ್ಮವೆಲ್ಲ ಕೆಂಪಾಗಿ ಊದಿ, ಬಿರಿದು, ಸುಲಿದುಕೊಂಡು ಬಂತು. ಕಪ್ಪು ಭಾಗದ ಚರ್ಮಕ್ಕೆ ಏನೂ ಆಗಿರಲಿಲ್ಲ. ಯಾರೋ ಆ್ಯಸಿಡ್ ಎರಚಿದ್ದಾರೆ ಎಂದು ಅಕ್ಕಪಕ್ಕದ ಮನೆಗಳ ನಡುವೆ ಜಗಳವೇ ಆಗಿತ್ತು. ನಾನು ಹೋಗಿ ಕಣ್ಣಿನ ರೆಪ್ಪೆ ಮೇಲೆತ್ತಿ ನೋಡಿದಾಗ ಒಳಗೆ ಅರಿಶಿನದ ಬಣ್ಣ.

ಲಂಟಾನದ ಎಲೆಯಲ್ಲಿರುವ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಸಿರು ಮೇವಿನಿಂದ ಹುಟ್ಟುವ ಒಂದು ವಸ್ತುವನ್ನು ಆರೋಗ್ಯವಂತ ಪಿತ್ತಜನಕಾಂಗ ಪಿತ್ತದ ಮೂಲಕ ಹೊರಗೆ ಹಾಕುತ್ತಿರುತ್ತದೆ. ಅದು ಕೆಟ್ಟಾಗ ಆ ವಸ್ತು ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಬಣ್ಣವಿಲ್ಲದ ಬಿಳಿ ಚರ್ಮದ ಮೇಲೆ ಬಿಸಿಲು ಬಿದ್ದ ಕೂಡಲೇ ಸುಡುತ್ತದೆ. ಅದಕ್ಕೇ ಕಪ್ಪು-ಬಿಳುಪು ಎಚ್.ಎಫ್. ಮಿಶ್ರತಳಿಗಳಲ್ಲಿ ಇದು ನಕ್ಷೆ ಬರೆದಂತೆ ಎದ್ದು ಕಾಣುತ್ತದೆ. ಇಂಥ ಗುರುತು ಕಂಡರೆ ಮೊದಲು ಹಸುವನ್ನು ನೆರಳಿಗೆ, ಸಾಧ್ಯವಾದರೆ ಕತ್ತಲೆ ಕೊಟ್ಟಿಗೆಗೆ ಕಟ್ಟಿ. ನಿಮ್ಮ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಚರ್ಮಕ್ಕೆ ಎಣ್ಣೆ ಹಚ್ಚುತ್ತ ದಿನ ಕಳೆಯಬೇಡಿ. ರೋಗ ಚರ್ಮದಲ್ಲಿಲ್ಲ, ಹೊಟ್ಟೆಯೊಳಗಿದೆ. ತಿಂದ ಎಲೆ ದೊಡ್ಡ ಹೊಟ್ಟೆಯಲ್ಲೇ ಕುಳಿತು ದಿನಗಟ್ಟಲೆ ವಿಷ ಬಿಡುತ್ತಿರುತ್ತದೆ, ಆದ್ದರಿಂದ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಆ ಹಸು ಬದುಕಿತು. ದಿನಕ್ಕೆ ಒಂಬತ್ತು ಲೀಟರ್ ಕೊಡುತ್ತಿದ್ದದ್ದು ಎರಡು ಲೀಟರಿಗೆ ಇಳಿದು, ಆ ಸೂಲು ಪೂರ್ತಿ ಮೇಲೆ ಬರಲೇ ಇಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟುಕೊಂಡಿದ್ದ ಹಾಲಿನ ಬಟವಾಡೆ ಅದು. ಬೇಲಿ ಅಂದರೆ ಅಷ್ಟೇ ತಾನೇ ಎನ್ನುವವರಿಗೆ ಇದನ್ನು ಹೇಳಿದೆ.

ಹಾಗಾದರೆ ಏನು ನೆಡುವುದು?

ರೇಷ್ಮೆ ಸೊಪ್ಪು ಎಂದು ನೀವು ಕರೆಯುವ ಹಿಪ್ಪುನೇರಳೆ. ಮರದ ನೇರಳೆ ಹಣ್ಣಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಂಬಂಧ, ಗೊಂದಲ ಬೇಡ. ಹಣ್ಣು ನೋಡಲು ಮೊಬೈಲಿನ ಆ ಬ್ಲ್ಯಾಕ್‌ಬೆರಿಯಂತೆಯೇ ಇರುತ್ತದೆ, ಸ್ವಲ್ಪ ಉದ್ದ. ಮುಳ್ಳಿಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿ ರೇಷ್ಮೆಗಾಗಿ ಬೆಳೆಯುತ್ತ ಬಂದಿರುವುದರಿಂದ ನಮ್ಮ ಮಣ್ಣಿಗೆ ಹೊಂದಿಕೊಂಡ ತಳಿಗಳೂ ಬೇಕಾದಷ್ಟಿವೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ನೀರಿರುವ ಕಡೆಗೆ, ಎಸ್-13 ಮಳೆಯಾಶ್ರಿತ ಕೆಂಪು ಮಣ್ಣಿಗೆ. ಅರಸೀಕೆರೆ ಕಡೆಯವರು ಎರಡನೆಯದನ್ನು ಕೇಳಿ.

ರೇಷ್ಮೆ ಹುಳು ತಿಂದು ಅಷ್ಟು ಬೇಗ ಬೆಳೆಯುವ ಎಲೆ ಹಸುವಿಗೆ ಕೆಟ್ಟದ್ದಾಗಲು ಸಾಧ್ಯವೇ? ಒಣ ತೂಕದ ಲೆಕ್ಕದಲ್ಲಿ ಎಲೆಯ ಸಸಾರಜನಕ, ಅಂದರೆ ಪ್ರೋಟೀನ್, ಶೇಕಡ 15ರಿಂದ 25ರವರೆಗೆ ಇರುತ್ತದೆ. ಅದರಲ್ಲಿ ಹೆಚ್ಚಿನ ಭಾಗ ಹಸುವಿಗೆ ಜೀರ್ಣವಾಗುತ್ತದೆ. ರಾಗಿ ಹುಲ್ಲು ಇದರ ಹತ್ತಿರವೂ ಬರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2000ನೇ ಇಸವಿಯಲ್ಲಿ ಹಿಪ್ಪುನೇರಳೆಯನ್ನು ಜಾನುವಾರು ಮೇವಾಗಿ ಬಳಸುವ ಬಗ್ಗೆಯೇ ಒಂದು ಅಂತರರಾಷ್ಟ್ರೀಯ ಚರ್ಚೆ ನಡೆಸಿತ್ತು. ನಮ್ಮಲ್ಲಿ ರೇಷ್ಮೆ ಬೆಳೆಯುವ ಕೋಲಾರದ ಕಡೆಯ ರೈತರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹುಳು ತಿಂದು ಬಿಟ್ಟ ಕಡ್ಡಿ ಅವರ ಹಸುವಿನ ಗೋದಲಿಗೆ ಹೋಗುವುದು ಹಳೆಯ ರೂಢಿ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಆಸೆ ಹುಟ್ಟಿಸಿ ಕೈ ಬಿಡುವುದು ನನಗೆ ಇಷ್ಟವಿಲ್ಲ. ಐದು ಕೆ.ಜಿ. ಹಸಿ ಎಲೆಯಲ್ಲಿ ನೀರು ಕಳೆದರೆ ಉಳಿಯುವುದು ಸುಮಾರು 1.3 ಕೆ.ಜಿ. ಒಣ ಪದಾರ್ಥ, ಅದರಲ್ಲಿ 200ರಿಂದ 250 ಗ್ರಾಂ ಪ್ರೋಟೀನ್. ಒಂದು ಕೆ.ಜಿ. ಒಳ್ಳೆಯ ಪಶು ಆಹಾರದಲ್ಲಿರುವುದು ಸುಮಾರು 200 ಗ್ರಾಂ. ಆದ್ದರಿಂದ ಐದು ಕೆ.ಜಿ. ಹಸಿ ಎಲೆ ಒಂದು ಕೆ.ಜಿ. ಫೀಡ್ಸಿಗೆ ಸಮ ಎಂದು ಇಟ್ಟುಕೊಳ್ಳಿ. ಒಂದು ಗುಂಟೆಯಲ್ಲಿ ಮೂರಡಿಗೆ ಮೂರಡಿಯಂತೆ 120 ಗಿಡ ಹಿಡಿಯುತ್ತವೆ. ಚೆನ್ನಾಗಿ ನೀರು, ಗೊಬ್ಬರ ಕೊಟ್ಟ ರೇಷ್ಮೆ ತೋಟದ ಇಳುವರಿ ಗುಂಟೆಗೆ 500 ಕೆ.ಜಿ. ಮೀರುತ್ತದೆ. ಪೂರ್ತಿ ಮಳೆಯನ್ನೇ ನಂಬಿದರೆ ಅದರ ಕಾಲು ಭಾಗವೂ ಕಷ್ಟ. ಹಿತ್ತಲಿನಲ್ಲಿ ಕೊಟ್ಟಿಗೆ ತೊಳೆದ ನೀರು ಹರಿಸಿಕೊಂಡು ಎರಡು ಗುಂಟೆ ಮಾಡಿದವರಿಗೆ ಎರಡನೆಯ ವರ್ಷದಿಂದ 800ರಿಂದ 1000 ಕೆ.ಜಿ. ಎಲೆ ಸಿಕ್ಕರೆ ಅದು ಒಳ್ಳೆಯ ಫಸಲು. ಅಂದರೆ ವರ್ಷಕ್ಕೆ 50 ಕೆ.ಜಿ.ಯ ಮೂರು-ನಾಲ್ಕು ಮೂಟೆ ಫೀಡ್ಸ್. ಮೂಟೆಯ ಬೆಲೆ ನಿಮಗೇ ಗೊತ್ತು, ಗುಣಿಸಿಕೊಳ್ಳಿ. ಫೀಡ್ಸನ್ನೇ ಬಿಟ್ಟುಬಿಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬೇಸಿಗೆಯ ಮೂರು ತಿಂಗಳು ಗೋದಲಿಯಲ್ಲಿ ದಿನಕ್ಕೊಂದು ಹೊರೆ ಹಸಿರು ಇದ್ದರೆ, ಹಸುವನ್ನು ಬೇಲಿಯ ಬಳಿ ಕಟ್ಟುವ ಸಂದರ್ಭವೇ ಬರುವುದಿಲ್ಲ. ನನಗೆ ಆ ಉಳಿತಾಯ ಮೂಟೆಗಿಂತ ದೊಡ್ಡದು.

ನೆಡುವ ಕ್ರಮ

ಜೂನ್‌ನಲ್ಲಿ ಎರಡು ಹದ ಮಳೆ ಬಿದ್ದ ಮೇಲೆ ಶುರು ಮಾಡಿ. ಆರೆಂಟು ತಿಂಗಳು ಬಲಿತ, ಪೆನ್ಸಿಲ್‌ಗಿಂತ ತುಸು ದಪ್ಪದ ಕಡ್ಡಿ ಆರಿಸಿ. ಗೇಣುದ್ದ, ಮೂರು ನಾಲ್ಕು ಕಣ್ಣುಗಳಿರುವಂತೆ ಹರಿತವಾದ ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿ. ಸಿಪ್ಪೆ ಸೀಳಿದ ಕಡ್ಡಿ ಬೇರು ಬಿಡುವುದಿಲ್ಲ, ಎಸೆಯಿರಿ. ನೆರಳಿರುವ ಮಡಿಯಲ್ಲಿ ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ಓರೆಯಾಗಿ ಊರಿ, ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಸಸಿ ಸಿದ್ಧ. ಈ ಕೆಲಸಕ್ಕೆ ಪುರುಸೊತ್ತಿಲ್ಲದವರು ರೇಷ್ಮೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಸಸಿಗೆ ವಿಚಾರಿಸಬಹುದು. ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರೂ ಸಲಹೆ ಕೊಡುತ್ತಾರೆ.

ಒಂದೂವರೆ ಅಡಿ ಗುಂಡಿ, ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಆಮೇಲೆ ವರ್ಷಕ್ಕೆ ಎರಡು ಸಲ ಗಿಡಕ್ಕೆ ಎರಡೆರಡು ಕೆ.ಜಿ.ಯಂತೆ ಗೊಬ್ಬರ ಕೊಟ್ಟರೆ ಸಾಕು. ಗಂಜಲ ನೇರ ಬುಡಕ್ಕೆ ಬೀಳದಿರಲಿ, ನಾಲ್ಕೈದು ಪಾಲು ನೀರು ಬೆರೆಸಿ ಬಿಡಿ. ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಗರಿಯ ದಟ್ಟ ನೆರಳಿನಲ್ಲಿ ಗಿಡ ಉದ್ದಕ್ಕೆ ಏಳುತ್ತದೆ, ಎಲೆ ತೆಳುವಾಗುತ್ತದೆ.

ಊರಿಂದೂರಿಗೆ ಸ್ವಲ್ಪ ವ್ಯತ್ಯಾಸವಿದೆ. ಅರಸೀಕೆರೆಯ ಒಣ ಹೋಬಳಿಗಳಲ್ಲಿ ಕೊಳವೆಬಾವಿ ನಂಬಿ ಮೂರಡಿ ಅಂತರದ ಪೊದೆ ಮಾಡುವುದಕ್ಕಿಂತ, ತೋಟದ ಬದುವಿನ ಮೇಲೆ ಎಂಟು ಹತ್ತು ಅಡಿಗೆ ಒಂದರಂತೆ ಮರವಾಗಿ ಬೆಳೆಸುವುದು ಲೇಸು. ಎದೆಯೆತ್ತರಕ್ಕೆ ಒಂದೇ ಕಾಂಡ ಬಿಟ್ಟು ಅಲ್ಲಿಂದ ಕವಲೊಡೆಸಿದರೆ ಬೇರು ಆಳಕ್ಕೆ ಹೋಗುತ್ತದೆ, ಬರಕ್ಕೆ ತಡೆಯುತ್ತದೆ, ಅಡ್ಡಾಡುವ ಮೇಕೆಗೂ ಎಟುಕುವುದಿಲ್ಲ. ಹಳೇಬೀಡಿನ ಕೆರೆ ಬಯಲಿನ ಹತ್ತಿರ ಹೊಲವಿರುವವರು ನೀರು ನಿಲ್ಲುವ ತಗ್ಗು ಬಿಟ್ಟು ಏರುಮಡಿಯಲ್ಲಿ ನೆಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಒಂದು ಗಿಡಕ್ಕೆ ಬಂದದ್ದು ಸಾಲಿಗೇ ಹಬ್ಬುತ್ತದೆ. ಬೇಲೂರಿನ ಕಡೆ ಮಳೆ ಹೆಚ್ಚು, ಅಲ್ಲಿ ಮಳೆಗಾಲದಲ್ಲಿ ಎಲೆಚುಕ್ಕೆ ಸಾಮಾನ್ಯ. ಆಗಾಗ ಕೊಯ್ಯುತ್ತಿದ್ದರೆ ಅದೇ ಹತೋಟಿ.

ಮೊದಲ ಆರು ತಿಂಗಳು ಕುಡುಗೋಲು ಹಾಕಬೇಡಿ. ಎಷ್ಟೋ ಹಿತ್ತಲುಗಳಲ್ಲಿ ಸಸಿ ಸಾಯುವುದು ನೀರಿಲ್ಲದೆ ಅಲ್ಲ, ಮೂರನೆಯ ತಿಂಗಳಲ್ಲೇ ಸೊಪ್ಪು ಕಿತ್ತು ಅಥವಾ ಕರು ಬಿಟ್ಟು. ಆಮೇಲೆ ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ, 50-60 ದಿನಕ್ಕೊಮ್ಮೆ ಕೊಯ್ಲು. ಎಲ್ಲವನ್ನೂ ಒಂದೇ ದಿನ ಕಡಿಯದೆ ದಿನಕ್ಕೊಂದು ಸಾಲಿನಂತೆ ಸರದಿ ಮಾಡಿಕೊಂಡರೆ ವರ್ಷವಿಡೀ ಸ್ವಲ್ಪ ಸ್ವಲ್ಪ ಹಸಿರು ಸಿಗುತ್ತದೆ. ಮಳೆಗಾಲದಲ್ಲಿ ಮಿಕ್ಕ ಎಲೆಯನ್ನು ಬಿಸಿಲು ಬಂದಾಗ ನೆರಳಿನಲ್ಲಿ ಒಣಗಿಸಿ ಚೀಲದಲ್ಲಿ ತುಂಬಿಡಿ, ಬೇಸಿಗೆಗೆ ಆಗುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಕುಡಿ ಮುರುಟಿಕೊಂಡು ಬಿಳಿ ಹಿಟ್ಟು ಅಂಟಿದಂತೆ ಕಂಡರೆ ಅದು ಹಿಟ್ಟು ತಿಗಣೆಯ ಕೆಲಸ. ಆ ಕುಡಿ ಚಿವುಟಿ ಸುಟ್ಟುಹಾಕಿ, ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ಔಷಧ ಸಿಂಪಡಿಸಲು ಹೋಗಬೇಡಿ.

ಹಸುವಿಗೆ ಕೊಡುವಾಗ

ಯಾವ ಹೊಸ ಮೇವನ್ನಾದರೂ ಹಸುವಿನ ಹೊಟ್ಟೆಗೆ ಮೆಲ್ಲಗೆ ಪರಿಚಯಿಸಬೇಕು. ಮೊದಲ ದಿನ ಒಂದು ಕೆ.ಜಿ., ಹತ್ತು ದಿನದ ಹೊತ್ತಿಗೆ ಐದು. ಹಾಲು ಕೊಡುವ ಹಸುವಿಗೆ ದಿನಕ್ಕೆ ಹತ್ತು ಕೆ.ಜಿ. ಮೀರದಿರಲಿ. ಜೊತೆಗೆ ಸೀಮೆಹುಲ್ಲು ಅಥವಾ ಜೋಳದ ಸಪ್ಪೆ, ಒಣಹುಲ್ಲು ಇರಲೇಬೇಕು. ಬರೀ ಸೊಪ್ಪು ತಿಂದ ಹಸು ಮೆಲುಕು ಸರಿಯಾಗಿ ಹಾಕುವುದಿಲ್ಲ, ಸಗಣಿ ತೆಳುವಾಗುತ್ತದೆ. ಕೊಯ್ದು ಎರಡು ಮೂರು ಗಂಟೆ ಬಾಡಿಸಿ, ಎಳೆ ಕಡ್ಡಿ ಸಮೇತ ಕತ್ತರಿಸಿ ಒಣಹುಲ್ಲಿನ ಜೊತೆ ಬೆರೆಸಿ ಹಾಕಿ. ಮೂರು ತಿಂಗಳು ದಾಟಿದ ಕರುಗಳಿಗೆ ಒಂದು ಹಿಡಿ ಎಳೆ ಎಲೆ ತುಂಬ ಒಳ್ಳೆಯದು, ಮೇವು ತಿನ್ನುವ ಅಭ್ಯಾಸ ಬೇಗ ಬರುತ್ತದೆ.

ಐದು ಕೆ.ಜಿ. ಎಲೆಗೆ ಒಂದು ಕೆ.ಜಿ. ಫೀಡ್ಸ್ ಇಳಿಸಿ ಹದಿನೈದು ದಿನ ಡೇರಿಯ ಚೀಟಿ ನೋಡುತ್ತಿರಿ. ಹಾಲು, ಕೊಬ್ಬು, ಎಸ್‌ಎನ್‌ಎಫ್ ಮೂರೂ ಹಾಗೇ ಇದ್ದರೆ ಸರಿ. ಇಳಿದರೆ ಅರ್ಧ ಕೆ.ಜಿ. ವಾಪಸು ಹಾಕಿ. ದಿನಕ್ಕೆ ಹದಿನೈದು ಲೀಟರಿನ ಮೇಲೆ ಕೊಡುವ ಹಸುವಿನ ಫೀಡ್ಸಿಗೆ ಕೈ ಹಾಕಬೇಡಿ, ಅದಕ್ಕೆ ಎಲೆ ಮೇಲುಮೇವಾಗಿ ಮಾತ್ರ ಇರಲಿ. ಖನಿಜ ಮಿಶ್ರಣ ನಿಲ್ಲಿಸಬಾರದು. ಎಲೆಯಲ್ಲಿ ಸುಣ್ಣದಂಶ ಜಾಸ್ತಿ, ರಂಜಕ ಅದಕ್ಕೆ ತಕ್ಕಷ್ಟಿಲ್ಲ.

ಈ ಸುಣ್ಣದ ವಿಷಯ ಇನ್ನೊಂದು ಕಡೆ ಮುಖ್ಯವಾಗುತ್ತದೆ, ಇದನ್ನು ದಯವಿಟ್ಟು ಎರಡು ಸಲ ಓದಿ. ತುಂಬು ಗಬ್ಬದ ಹಸುವಿಗೆ ಕರು ಹಾಕುವ ಮೊದಲಿನ ಮೂರು ವಾರ ಹಿಪ್ಪುನೇರಳೆ ಎಲೆ ಕೊಡಬೇಡಿ. ಸುಣ್ಣವೂ ಪೊಟ್ಯಾಷಿಯಮ್ಮೂ ಹೆಚ್ಚಿರುವ ಮೇವು ಆ ಹೊತ್ತಿನಲ್ಲಿ ಸಿಕ್ಕರೆ, ಮೂಳೆಯಿಂದ ಸುಣ್ಣ ತೆಗೆದುಕೊಳ್ಳುವ ಹಸುವಿನ ಸ್ವಂತ ವ್ಯವಸ್ಥೆ ಮಲಗಿಬಿಡುತ್ತದೆ. ಕರು ಹಾಕಿದ ದಿನ ಗಿಣ್ಣು ಹಾಲಿಗೆ ಒಮ್ಮೆಲೇ ಸುಣ್ಣ ಬೇಕಾದಾಗ ಒಳಗಿನಿಂದ ಬರುವುದಿಲ್ಲ. ಹಸು ಕುಸಿದು, ಕತ್ತು ಪಕ್ಕೆಗೆ ತಿರುಗಿಸಿ ಮಲಗುತ್ತದೆ, ಕಿವಿ ತಣ್ಣಗಾಗುತ್ತದೆ. ಇದೇ ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ. ಮೂರನೆಯ ಸೂಲಿನ ನಂತರದ, ಹೆಚ್ಚು ಹಾಲಿನ ಹಸುಗಳಲ್ಲಿ ಇದು ಹೆಚ್ಚು. ಗಬ್ಬದ ಹಸುವಿಗೆ ಒಳ್ಳೆಯದಾಗಲಿ ಎಂದು ಮನೆಯವರು ಪ್ರೀತಿಯಿಂದ ಹಾಕುವ ಹಸಿರೇ ಇಲ್ಲಿ ತೊಂದರೆ. ಕರು ಹಾಕಿದ ಮೇಲೆ ಮತ್ತೆ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ.

ರೇಷ್ಮೆ ಬೆಳೆಯುವ ನೆರೆಯವರಿಂದ ಸೊಪ್ಪು ತರುವವರಿಗೂ ಒಂದು ಮಾತು. ಕೊನೆಯ ಸಲ ಯಾವಾಗ, ಯಾವ ಔಷಧ ಸಿಂಪಡಿಸಿದ್ದೀರಿ ಎಂದು ಕೇಳದೆ ಒಂದು ಕಡ್ಡಿಯನ್ನೂ ತರಬೇಡಿ. ಅವರು ಹುಳುವಿಗೆ ಹಾಕಲು ಎಷ್ಟು ದಿನ ಕಾಯುತ್ತಾರೋ ನೀವೂ ಅದಕ್ಕಿಂತ ಕಡಿಮೆ ಕಾಯಬಾರದು. ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸಿದ ಹುಳು ಹಾಸಿಗೆಯ ಕಸವೂ ಬೇಡ. ಸೊಪ್ಪು ತಿಂದ ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಯುವುದು, ಮೈ ನಡುಕ, ಭೇದಿ, ಕಣ್ಣಿನ ಪಾಪೆ ಸಣ್ಣದಾಗುವುದು ಕಂಡರೆ ಅದು ಕೀಟನಾಶಕದ ವಿಷ. ಗಂಟೆಗಳ ಮಾತು ಅದು. ಮಿಕ್ಕ ಸೊಪ್ಪನ್ನು ಎಸೆಯದೆ ಇಟ್ಟುಕೊಂಡು ತಕ್ಷಣ ಕರೆ ಮಾಡಿ. ಆ ಹಸುವಿನ ಹಾಲನ್ನು ಡೇರಿಯ ಕ್ಯಾನಿಗೆ ಸುರಿಯಬೇಡಿ. ನಿಮ್ಮ ಒಂದು ಲೀಟರ್ ಇಡೀ ಊರಿನ ಹಾಲಿನೊಳಗೆ ಸೇರುತ್ತದೆ.

ಹಣ್ಣಿನ ಪಾಲು

ಇನ್ನು ಮಕ್ಕಳ ಹಣ್ಣು. ಮೇವಿಗೆ ಪದೇ ಪದೇ ಕಡಿಯುವ ಗಿಡದಲ್ಲಿ ಹಣ್ಣು ಎಣಿಸುವಷ್ಟೂ ಸಿಗುವುದಿಲ್ಲ. ಹಾಗಾಗಿ ಮನೆಯ ಹತ್ತಿರ ಎರಡು ಗಿಡ ಬೇರೆಯಾಗಿ ಬಿಡಿ. ಹಿಪ್ಪುನೇರಳೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಸಾಮಾನ್ಯವಾಗಿ ಬೇರೆ ಬೇರೆ. ಆದ್ದರಿಂದ ಈ ಎರಡಕ್ಕೆ ಮಾತ್ರ, ಹಣ್ಣು ಬಿಟ್ಟದ್ದನ್ನು ನೀವೇ ಕಣ್ಣಾರೆ ನೋಡಿದ ಮರದ ಕಡ್ಡಿಯನ್ನೇ ತನ್ನಿ. ಸಂಕ್ರಾಂತಿ ಆದ ಮೇಲೆ ಎಲೆ ಸವರಿ ತುದಿಗಳನ್ನು ಹಗುರವಾಗಿ ಕತ್ತರಿಸಿ ನೀರು ಕೊಟ್ಟರೆ, ಹೊಸ ಚಿಗುರಿನ ಜೊತೆಗೇ ಕಾಯಿ ಬರುತ್ತದೆ. ಹಸಿರು ಕಾಯಿ ತಿಂದರೆ ಹೊಟ್ಟೆ ನೋವು ಬರಬಹುದು, ಕಪ್ಪಾಗುವವರೆಗೆ ಮಕ್ಕಳನ್ನು ತಡೆಯುವುದೇ ದೊಡ್ಡ ಕೆಲಸ. ಕಿತ್ತ ಹಣ್ಣು ಮರುದಿನಕ್ಕೆ ಮೆತ್ತಗಾಗುತ್ತದೆ, ಮಾರುವ ಆಸೆ ಬೇಡ. ಬಟ್ಟೆಗೆ ಹತ್ತಿದ ಕಲೆ ಹೋಗುವುದು ಕಷ್ಟ, ಶಾಲೆಯ ಬಿಳಿ ಅಂಗಿ ಬಿಚ್ಚಿಟ್ಟು ಮರ ಹತ್ತಲಿ.

ಲಂಟಾನ ಕಿತ್ತು ಆ ಜಾಗಕ್ಕೆ ಇದನ್ನು ನೆಡುವವರು ಮೊದಲ ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಬೇರು ಸಮೇತ ಅಗೆದು ತೆಗೆಯಿರಿ. ಬರೀ ಕಡಿದರೆ ಮಳೆಗೆ ಎರಡರಷ್ಟು ಚಿಗುರುತ್ತದೆ. ಕಿತ್ತ ಗಿಡವನ್ನು ದನ ಓಡಾಡುವಲ್ಲಿ ರಾಶಿ ಹಾಕಬೇಡಿ. ಬಾಡಿದ ಎಲೆಯಲ್ಲೂ ವಿಷ ಉಳಿದಿರುತ್ತದೆ.